ಒಂದು ‘ಕ್ಲೇಮ್’, ಹಲವು ಜಪಾನಿ ಪದ

ವ್ಯವಹಾರದ ಇಂಗ್ಲಿಷಿನಲ್ಲಿ ‘ಕ್ಲೇಮ್’ ದಿನನಿತ್ಯದ ಪದ. ಅದನ್ನು ಜಪಾನಿ ಭಾಷೆಗೆ ತರುವ ಅನುವಾದಕ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಯಾರು, ಯಾರಿಗೆ, ಏನು ಹೇಳುತ್ತಿದ್ದಾರೆ?

ವಿಮಾ ಹಣ ಕೊಡಿ ಎಂದು ಕೋರಿದರೆ ಅದು ‘ಸೇಕ್ಯೂ’. ನಮ್ಮ ಯಂತ್ರವೇ ಹೆಚ್ಚು ವೇಗದ್ದು ಎಂದು ಪ್ರತಿಪಾದಿಸಿದರೆ ‘ಶುಚೋ’. ಪೇಟೆಂಟ್ ಅರ್ಜಿಯಲ್ಲಿ ಆವಿಷ್ಕಾರದ ಹಕ್ಕಿನ ಎಲ್ಲೆಯನ್ನು ಗುರುತಿಸುವ ಭಾಗವಾದರೆ ‘ತೊಕ್ಕ್ಯೊ ಸೇಕ್ಯೂ ನೊ ಹಾನ್ಇ’, ಅಂದರೆ ಪೇಟೆಂಟ್ ಕೋರಿಕೆಯ ವ್ಯಾಪ್ತಿ.

ಇಷ್ಟೆಲ್ಲ ಕಷ್ಟವೇಕೆ, ಪರಭಾಷಾ ಪದಗಳಿಗೆ ಹೆಚ್ಚಾಗಿ ಬಳಸುವ ಕತಕನ ಲಿಪಿಯಲ್ಲಿ ಇಂಗ್ಲಿಷ್ ಪದವನ್ನೇ ಬರೆದರಾಯಿತಲ್ಲ ಎನ್ನುತ್ತೀರಾ? ಅಪಾಯವಿರುವುದೇ ಅಲ್ಲಿ. ಹಾಗೆ ಬರೆದಾಗ ಸಿಗುವ ‘ಕುರೇಮು’ ಪದಕ್ಕೆ ಜಪಾನಿನ ದಿನಬಳಕೆಯಲ್ಲಿ ಗ್ರಾಹಕನ ದೂರು ಎಂದೇ ಅರ್ಥ. ‘ಕುರೇಮಾ’ ಎಂದರೆ ಮಾತುಮಾತಿಗೂ ತಕರಾರು ತೆಗೆಯುವವನು! ಹಡಗಿನಲ್ಲಿ ನೆನೆದ ಸರಕಿಗೆ ವಿಮಾ ಹಣ ಕೋರಿ ವಿನಯದಿಂದ ಬರೆದ ಪತ್ರ, ಈ ಒಂದು ಪದದಿಂದ ಜಗಳದ ಪತ್ರದಂತೆ ಕಂಡೀತು.

ಭೌತಶಾಸ್ತ್ರದ ಪರೀಕ್ಷೆಯಲ್ಲಿ ಏಕಮಾನವಿಲ್ಲದೆ ಬರೆದ ಸಂಖ್ಯೆ ಅಪೂರ್ಣ ಉತ್ತರ. ಅನುವಾದದಲ್ಲಿ ಸಂದರ್ಭವೇ ಆ ಏಕಮಾನ. ಅದು ತಿಳಿಯದಿದ್ದರೆ ಊಹಿಸಬೇಡಿ, ಬರೆದವರನ್ನೇ ಕೇಳಿ.