ತಲೆಯೊಳಗೆ ದಿನಕ್ಕೆ ನಾಲ್ಕು ಆಟ! ಚಿತ್ರ: ತಟ್ಟೆ ಇಡ್ಲಿ

ಹೀರೋ ದಪ್ಪಗಿರುತ್ತಾನೆ. ಹುಡುಗಿ ನಗುತ್ತಾಳೆ. ಒಂದು ಹಾಡು ಶುರುವಾಗುತ್ತದೆ. ಹಾಡು ಮುಗಿಯುವಷ್ಟರಲ್ಲಿ ಹೀರೋ ಓಡಿ, ಬೆವರಿ, ಕಡ್ಡಿಯಾಗಿ ನಿಂತಿರುತ್ತಾನೆ! ಆ ಹಾಡಿನ ನಡುವೆ ಅವನು ಬೆಳಗ್ಗೆ ಹತ್ತಕ್ಕೆ, ಹತ್ತೂವರೆಗೆ, ಮತ್ತೆ ಹನ್ನೊಂದಕ್ಕೆ ಊಟಾನೇ ಧ್ಯಾನ ಮಾಡ್ತಾ ಕೂತಿದ್ದನ್ನು ಯಾವ ಡೈರೆಕ್ಟರಾದರೂ ತೋರಿಸಿದ್ದಾರಾ? ನಮ್ಮಂಥವರ ಬಾಳಿನಲ್ಲಿ ಆ ಹಾಡು ಎಂಟು ತಿಂಗಳು ನಡೆಯುತ್ತೆ ಸ್ವಾಮಿ.

ನನ್ನ ಮನೆ ಗುಬ್ಬಿ. ಕೆಲಸ ತುಮಕೂರಿನ ಕ್ಯಾತ್ಸಂದ್ರದ ಕಡೆ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ. ವಾರಕ್ಕೊಂದು ದಿನ ಬಾಕಿ ವಸೂಲಿಗೆ ಕುಣಿಗಲ್. ವಯಸ್ಸು 28, ಎತ್ತರ ಐದಡಿ ಏಳಂಗುಲ, ತೂಕ 97 ಕಿಲೋ. ಹುಡುಗಿ ನಗಲಿ ಬಿಡಲಿ, ಅದು ನನ್ನ ಚಿಂತೆಯಾಗಿರಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ, ಹೋದ ವರ್ಷ ಬಲಗಾಲಿನ ಎರಡು ಬೆರಳು ತೆಗೆದರು. ಅದೇ ತಿಂಗಳು ನಾನೂ ರಕ್ತ ಕೊಟ್ಟು ಬಂದೆ. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2 ಬಂತು. 5.7ರಿಂದ 6.4ರ ಒಳಗೆ ಇದ್ದರೆ ಕಾಯಿಲೆ ಇನ್ನೂ ಮನೆಯೊಳಗೆ ಬಂದಿಲ್ಲ, ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಇದೆ ಅಂತ ಅರ್ಥ. 2023ರಲ್ಲಿ ಬಂದ ಐಸಿಎಂಆರ್ ಲೆಕ್ಕದಲ್ಲಿ ಹೀಗೆ ಬಾಗಿಲಿಗೆ ಕಾಯಿಲೆ ಬಂದು ನಿಂತಿರುವವರು ದೇಶದಲ್ಲಿ 13 ಕೋಟಿ 60 ಲಕ್ಷ ಜನ. ನನ್ನನ್ನೂ ಸೇರಿಸಿಕೊಳ್ಳಿ.

ಡಾಕ್ಟರು ಹೆದರಿಸಲಿಲ್ಲ. "ಏಳು ಕಿಲೋ ಇಳಿಸಿ ಸಾಕು" ಅಂದರು. ಅದು ಬಾಯಿಗೆ ಬಂದ ಲೆಕ್ಕವಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ನನ್ನಂಥ ಬಾಗಿಲ ಬಳಿಯ ಜನಕ್ಕೆ ಇಟ್ಟ ಗುರಿ ಎರಡೇ: ತೂಕದಲ್ಲಿ ನೂರಕ್ಕೆ ಏಳರಷ್ಟು ಕಡಿಮೆ, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆಗೆ ಬೀಳುವವರ ಸಂಖ್ಯೆ ನೂರಕ್ಕೆ 58ರಷ್ಟು ತಗ್ಗಿತು.

ಏಳೇ ಕಿಲೋ ತಾನೇ ಅಂತ ಹೊರಟೆ. ಒಬ್ಬ ಜಿಮ್ ಮೇಷ್ಟ್ರು ಚೀಟಿ ಬರೆದುಕೊಟ್ಟರು. ಬೆಳಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಮಧ್ಯಾಹ್ನ ಸೌತೆಕಾಯಿ ಮತ್ತು ಮೊಳಕೆಕಾಳು, ರಾತ್ರಿ ಒಂದೇ ಒಂದು ಚಪಾತಿ. ಮೂರನೇ ದಿನಕ್ಕೆ ನನ್ನ ತಲೆಯೇ ಟಾಕೀಸ್ ಆಯಿತು. ಮಾರ್ನಿಂಗ್ ಷೋ: ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ ಕರಗುತ್ತಾ ಇರೋದು. ಮ್ಯಾಟಿನಿ: ಮುದ್ದೆ, ನಾಟಿ ಕೋಳಿ ಸಾರು. ಫಸ್ಟ್ ಷೋ: ಬಸ್ ಸ್ಟ್ಯಾಂಡಿನ ಬೋಂಡ. ಸೆಕೆಂಡ್ ಷೋ ಬಿರಿಯಾನಿ, ಅದು ಹೌಸ್‌ಫುಲ್! ಗಿರಾಕಿ ಬ್ರೇಕ್ ಷೂ ಕೇಳಿದರೆ ನನಗೆ ವಡೆ ಕಾಣಿಸೋದು. ಕುಣಿಗಲ್ ಬಸ್ಸು ಹೆಬ್ಬೂರಿನಲ್ಲಿ ನಿಂತರೆ ಕಿಟಕಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೋಟೆಲ್ ಬೋರ್ಡು. "ಏನೋ, ಮನಸ್ಸು ಗಟ್ಟಿ ಇಲ್ವಾ ನಿಂಗೆ?" ಅಂತ ಗೆಳೆಯರು ರೇಗಿಸಿದರು.

ಮನಸ್ಸಿನ ಮಾತು ಬಂತಲ್ಲ, ಒಂದು ನಿಜವಾದ ಕಥೆ ಕೇಳಿ. 1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದರು. ಯುದ್ಧದಲ್ಲಿ ಹಸಿದು ಬಿದ್ದ ಜನಕ್ಕೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯಬೇಕಿತ್ತು. ಬಂದೂಕು ಹಿಡಿಯೋದಿಲ್ಲ ಅಂತ ಯುದ್ಧಕ್ಕೆ ಹೋಗದ 36 ಜನ ಗಟ್ಟಿಮುಟ್ಟಾದ ಹುಡುಗರು ತಾವಾಗಿಯೇ ಮುಂದೆ ಬಂದರು. ಸರ್ಕಾರಕ್ಕೇ ಆಗಲ್ಲ ಅಂದವರ ಮನಸ್ಸು ಮೆತ್ತಗೆ ಅನ್ನೋಕಾಗುತ್ತಾ? 1945ರಲ್ಲಿ 24 ವಾರ ಅವರಿಗೆ ಮಾಮೂಲಿನ ಅರ್ಧದಷ್ಟು ಊಟ, ದಿನಕ್ಕೆ ಸುಮಾರು 1,570 ಕ್ಯಾಲೊರಿ. ನನ್ನ ಚೀಟಿಯಲ್ಲಿ ಇದ್ದದ್ದು ಅದಕ್ಕಿಂತ ಕಡಿಮೆ, ನೋಡಿ! ಹುಡುಗರ ತೂಕ ಕಾಲು ಭಾಗ ಇಳಿಯಿತು. ಜೊತೆಗೆ ತಲೆಯೂ ಕೆಟ್ಟಿತು. ಅಡುಗೆ ಪುಸ್ತಕಗಳನ್ನು ಕಾದಂಬರಿ ಥರ ಓದತೊಡಗಿದರು. ಕನಸಲ್ಲಿ ಊಟ. ತಟ್ಟೆ ನೆಕ್ಕಿದರು. ನಮ್ಮ ಓದುಗರಿಗೆ ಬೇಕಾದ ವಿಷಯ ಇಲ್ಲಿದೆ: ಸಿನಿಮಾಕ್ಕೆ ಹೋದರೆ ಪ್ರೇಮದ ಸೀನುಗಳು ರುಚಿಸುತ್ತಲೇ ಇರಲಿಲ್ಲ, ತೆರೆಯ ಮೇಲೆ ಯಾರು ಯಾವಾಗ ಏನು ತಿಂದರು ಅನ್ನೋದು ಮಾತ್ರ ಕಾಣುತ್ತಿತ್ತು ಅಂತ ಅವರಲ್ಲೊಬ್ಬರು ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾರೆ. ಹೀರೋಯಿನ್ ಎದುರಿಗಿದ್ದರೂ ಕಣ್ಣು ಬ್ರೆಡ್ಡಿನ ಮೇಲೆ!

ಇದನ್ನು ತಿಳಿದ ಮೇಲೆ ನನಗೆ ಅರ್ಧ ಭಾರ ಇಳಿಯಿತು, ತಕ್ಕಡಿಯಲ್ಲಿ ಅಲ್ಲ, ಎದೆಯಲ್ಲಿ. ತಲೆಯೊಳಗಿನ ಆಟ ಚಪಲವಲ್ಲ, ಹೊಟ್ಟೆ ಕಳಿಸಿದ ತಂತಿ. ಹೊಟ್ಟೆ ಖಾಲಿಯಾದಾಗ ಗ್ರೆಲಿನ್ ಎಂಬ ರಸ ಮೆದುಳಿಗೆ ಹೋಗಿ ಬಾಗಿಲು ಬಡಿಯುತ್ತದೆ. ಆ ರಸವನ್ನು 1999ರಲ್ಲಿ ಜಪಾನಿನವರು ಕಂಡುಹಿಡಿದರು. ಬಡಿಯೋದು ಅದರ ಕೆಲಸ.

ಅದಿರಲಿ. "ಊಟದ ಯೋಚನೆ ಬಂದ ಕೂಡಲೇ ಓಡಿಸು" ಅನ್ನೋ ಉಪದೇಶ ಇದೆಯಲ್ಲ, ಅದರ ಕಥೆಯೂ ಹಾಗೇ. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಸಿಕೊಳ್ಳಬೇಡ ಅಂದ ವೈದ್ಯನ ಕಥೆ ನಮ್ಮಜ್ಜಿಯರಿಗೆಲ್ಲ ಗೊತ್ತಿತ್ತು. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಃಶಾಸ್ತ್ರಜ್ಞರು ಕೋತಿಯ ಬದಲು ಬಿಳಿ ಕರಡಿಯನ್ನಿಟ್ಟುಕೊಂಡು ಅದನ್ನೇ ಪರೀಕ್ಷೆ ಮಾಡಿದರು. ಐದು ನಿಮಿಷ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇದ್ದರು! ಆಮೇಲೆ ಈಗ ನೆನೆಸಿಕೊಳ್ಳಬಹುದು ಅಂದಾಗ, ಮೊದಲಿನಿಂದಲೇ ನೆನೆಯುತ್ತಿದ್ದವರಿಗಿಂತ ಇವರಿಗೇ ಹೆಚ್ಚು ಕರಡಿ ಕಂಡಿತು.

ಹಾಗಾಗಿ ನಾನು ಜಗಳ ಬಿಟ್ಟೆ. ತಟ್ಟೆ ಇಡ್ಲಿ ತಲೆಗೆ ಬಂತಾ? ಬಾಪ್ಪಾ, ಟ್ರೇಲರ್ ಓಡಿಸಿ ಹೋಗು. ಟ್ರೇಲರ್ ನೋಡಿದವರೆಲ್ಲ ಟಿಕೆಟ್ ಕೊಳ್ಳಲೇಬೇಕು ಅಂತ ಕಾನೂನಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ರೀಲು ತಾನೇ ಮುಗಿಯುತ್ತದೆ. ಕುಣಿಗಲ್‌ನಲ್ಲಿ ಬಸ್ಸು ತಡವಾದರೆ ಆ ಹೊತ್ತಿಗೆ ಕೆರೆ ಏರಿ ಕಡೆ ನಡೆಯುತ್ತೇನೆ. ಆದರೆ ಹೊಟ್ಟೆ ನಿಜವಾಗಿ ಖಾಲಿ ಇದ್ದರೆ ಈ ಉಪಾಯ ನಡೆಯಲ್ಲ, ಅದನ್ನು ಖಂಡಿತ ಹೇಳ್ತೀನಿ. ಮೊದಲು ಊಟ ಸರಿ ಇರಬೇಕು.

ಡಾಕ್ಟರ ಮಾತಿನಂತೆ ಚೀಟಿ ಹರಿದು ಮೂರು ಹೊತ್ತೂ ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದೆ. ಬೆಳಗ್ಗೆ ಎರಡು ಬೇಯಿಸಿದ ಮೊಟ್ಟೆ, ಜೊತೆಗೆ ಮನೆಯ ತಿಂಡಿ, ಮಾಮೂಲಿನ ಅರ್ಧ. ಮಧ್ಯಾಹ್ನ ಡಬ್ಬಿಯಲ್ಲಿ ಒಂದು ಸಣ್ಣ ಮುದ್ದೆ, ಹುರುಳಿಕಾಳಿನ ಸಾರೋ ಸೊಪ್ಪಿನ ಬಸ್ಸಾರೋ, ಪಲ್ಯ ಧಾರಾಳ. ನಾಲ್ಕು ಗಂಟೆಗೆ ಮಜ್ಜಿಗೆ, ಒಂದು ಹಿಡಿ ಕಡಲೆ. ಇಲ್ಲೊಂದು ಮಾತು: ಮುದ್ದೆ ತಿಂದರೆ ತೆಳ್ಳಗಾಗುತ್ತಾರೆ ಅನ್ನೋದು ಬುರುಡೆ. ದೊಡ್ಡ ಮುದ್ದೆ ಎರಡು ಇಳಿಸಿದರೆ ಅದೂ ಅನ್ನದ ಅಣ್ಣನೇ. ಹೊಟ್ಟೆ ಹಿಡಿದು ನಿಲ್ಲಿಸೋದು ಕಾಳು, ಮೊಟ್ಟೆ, ಸೊಪ್ಪು. ಭಾನುವಾರ ತಟ್ಟೆ ಇಡ್ಲಿ ಉಂಟು. ಕೂತು, ಮೊಬೈಲ್ ಜೇಬಲ್ಲಿಟ್ಟು, ಬೆಣ್ಣೆ ಸಮೇತ ಒಂದು. ಬೇಡ ಅಂತ ಬೋರ್ಡು ಹಾಕಿದ ಚಿತ್ರಕ್ಕೇ ಅಲ್ಲವೇ ಜನ ಮುಗಿಬೀಳೋದು?

ಸೆಕೆಂಡ್ ಷೋ ಪ್ರಿಯರಿಗೆ ಕಹಿ ಸುದ್ದಿ. 2004ರಲ್ಲಿ ಷಿಕಾಗೋದಲ್ಲಿ 12 ಜನ ಆರೋಗ್ಯವಂತ ಹುಡುಗರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಚೆನ್ನಾಗಿ ಮಲಗಿದಾಗಿಗಿಂತ ಹಸಿವು ನೂರಕ್ಕೆ 24ರಷ್ಟು ಏರಿತು, ಆ ಗ್ರೆಲಿನ್ 28ರಷ್ಟು. ಮಧ್ಯರಾತ್ರಿವರೆಗೆ ಮೊಬೈಲಿನಲ್ಲಿ ಫೈಟ್ ಸೀನು ನೋಡಿ, ಬೆಳಗ್ಗೆ ಬೋಂಡದ ಮೇಲೆ ಆಣೆ ಹಾಕಿದರೆ ಯಾರು ನಂಬಬೇಕು?

ನಟರನ್ನು ನೋಡಿ ಕಲಿಯೋಣ ಅನ್ನೋರಿಗೆ ಒಂದು ಮಾತು. 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಅಣ್ಣಾವ್ರ ಯೋಗಾಸನ ನೋಡಿ ಚಾಪೆ ಹಾಸಿದವರು ನಮ್ಮೂರಲ್ಲೂ ಇದ್ದಾರೆ, ಬಹಳ ಒಳ್ಳೇದು. 2016ರ ‘ದಂಗಲ್’ಗಾಗಿ ಆಮೀರ್ ಖಾನ್ ಸುಮಾರು 97 ಕಿಲೋಗೆ ಏರಿ ಮತ್ತೆ ಇಳಿದರು, ನನ್ನದೇ ತೂಕ! ಆದರೆ ಅದು ಅವರ ಉದ್ಯೋಗ. ಊಟ ಅಳೆದು ಕೊಡೋಕೆ ಜನ ಇದ್ದರು. ಅಡ್ಡದಾರಿಯ ಕಥೆಯೂ ಇದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು.

ಈಗ ಇಂಜೆಕ್ಷನ್ ಸುದ್ದಿ ಎಲ್ಲೆಲ್ಲೂ. 2025ರಲ್ಲಿ ಮೌಂಜಾರೊ, ವೆಗೋವಿ ನಮ್ಮ ದೇಶಕ್ಕೂ ಬಂದವು. ವಾರಕ್ಕೊಂದು ಚುಚ್ಚು. ತೆಗೆದುಕೊಂಡ ಬಹಳ ಜನ ತಲೆಯೊಳಗಿನ ಊಟದ ಗದ್ದಲವೇ ನಿಂತಿತು ಅನ್ನುತ್ತಾರೆ. ರಸಕ್ಕೆ ಮದ್ದು ಕೊಟ್ಟರೆ ಯೋಚನೆ ನಿಲ್ಲುತ್ತದೆ ಅಂದಮೇಲೆ, ಅದನ್ನು ಮನಸ್ಸಿನ ದೌರ್ಬಲ್ಯ ಅಂದ ಗೆಳೆಯರು ಈಗ ಏನಂತಾರೆ? ಆದರೆ ಡಾಕ್ಟರ ಚೀಟಿ ಇಲ್ಲದೆ ಮುಟ್ಟಬಾರದು. ವಾಕರಿಕೆ, ವಾಂತಿ ಸಾಮಾನ್ಯ, ಬಿಟ್ಟರೆ ತೂಕದ ಬಹುಪಾಲು ವಾಪಸ್ಸು ಬರುವುದೇ ಹೆಚ್ಚು. ನನಗೆ ಬೇಡ ಅಂದರು ಡಾಕ್ಟರು.

ಕೆಲವರಿಗೆ ಈ ಯೋಚನೆ ಇನ್ನೂ ಆಳಕ್ಕೆ ಇಳಿಯುತ್ತೆ. ಕದ್ದು ಕದ್ದು ತಿನ್ನೋದು, ತಿಂದು ಬೆರಳು ಹಾಕಿ ಕಕ್ಕೋದು, ದಿನಗಟ್ಟಲೆ ಅನ್ನ ಬಿಡೋದು. ಗಂಡುಮಕ್ಕಳಲ್ಲೂ ಉಂಟು, ಹೇಳಲ್ಲ ಅಷ್ಟೆ. ಅಂಥವರು ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ. ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎಂಟು ತಿಂಗಳಾಯಿತು. ತೂಕ 89, ಸಕ್ಕರೆ 5.8. ಆಟ ನಾಲ್ಕರಿಂದ ಎರಡಕ್ಕೆ ಇಳಿದಿದೆ. ನಮ್ಮ ಕಡೆ ಹಬ್ಬದ ಕಾಲಕ್ಕೆ ಪೌರಾಣಿಕ ನಾಟಕ ಆಡ್ತೀವಿ, ಪಾತ್ರಕ್ಕೆ ನಾವೇ ದುಡ್ಡು ಕಟ್ಟಿ. ಗುಬ್ಬಿ ಕಂಪನಿ ರಂಗದ ಮೇಲೆ ಆನೆ ಕುದುರೆ ತಂದು ಆಡಿದ ‘ಕುರುಕ್ಷೇತ್ರ’ದ ಊರಲ್ಲವೇ! ನಾಲ್ಕು ವರ್ಷದಿಂದ ನಾನೇ ಭೀಮ. ಸಣ್ಣಗಾದೆ ಅಂತ ಈ ಸಲ ಮೇಷ್ಟ್ರು ಪಾತ್ರ ತಪ್ಪಿಸುತ್ತಾರೇನೋ ಅಂತ ಅಳುಕಿತ್ತು. "ನಿನ್ನ ದನಿ ಇಳಿದಿಲ್ವಲ್ಲೋ" ಅಂದು ಗದೆ ಕೈಗಿಟ್ಟರು. ಅಭ್ಯಾಸ ಶುರುವಾಗಿದೆ, ಸೊಂಟದ ಪಟ್ಟಿಗೆ ಅಮ್ಮ ಹೊಸದಾಗಿ ಎರಡು ತೂತು ಹಾಕಿಕೊಟ್ಟಿದ್ದಾಳೆ.