ಬಸುರಿ ದಪ್ಪಗಿದ್ದರೆ ಗಟ್ಟಿಮುಟ್ಟಾಗಿದ್ದಾಳೆ ಎಂದಲ್ಲ



ಬಸುರಿ ಸೊರಗಿದ್ದರೆ ಓಣಿಯವರಿಗೆಲ್ಲ ಚಿಂತೆ. ಮೈ ತುಂಬಿಕೊಂಡಿದ್ದರೆ "ಚೆನ್ನಾಗಿ ಉಣ್ಣುತ್ತಾಳೆ, ಏನೂ ಆಗಲ್ಲ ಬಿಡು" ಎಂದು ಸುಮ್ಮನಾಗುತ್ತೇವೆ. ಆದರೆ ತೂಕ ಹೆಚ್ಚಿದ್ದವಳ ಮೇಲೂ ಅಷ್ಟೇ ನಿಗಾ ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ತೂಕ ಹೆಚ್ಚಿದ್ದವರು 2015-16ರಲ್ಲಿ ನೂರಕ್ಕೆ 23, 2019ರಲ್ಲಿ 30. ಅದೇ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ. ಅಂದರೆ ದಪ್ಪಗಿದ್ದವಳಿಗೂ ರಕ್ತಹೀನತೆ ಇರಬಹುದು. ಸಿರುಗುಪ್ಪದಲ್ಲಿ ಕಾಲುವೆ ನೀರಿನ ಭತ್ತ, ಮೂರು ಹೊತ್ತೂ ಅನ್ನ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ದಿನವಿಡೀ ಮಷಿನ್ ಮುಂದೆ ಕೂತಿರುತ್ತಾರೆ. ಹೊಟ್ಟೆ ತುಂಬುತ್ತದೆ, ಬೇಳೆ, ಸೊಪ್ಪು, ಮೊಟ್ಟೆ ಮಾತ್ರ ಸಾಲದು.

ಎಷ್ಟಿದ್ದರೆ ಹೆಚ್ಚು? ಐದು ಅಡಿ ಎತ್ತರದವಳು ಬಸಿರಾಗುವ ಮುಂಚೆ 53 ಕೆ.ಜಿ. ದಾಟಿದ್ದರೆ ತೂಕ ಹೆಚ್ಚು, 58 ದಾಟಿದ್ದರೆ ಬೊಜ್ಜು ಎಂದು ನಮ್ಮ ದೇಶದ ವೈದ್ಯರ ಲೆಕ್ಕ. ಆದ್ದರಿಂದ ಮೊದಲ ಮೂರು ತಿಂಗಳಲ್ಲೇ ತೂಕ ನೋಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿರಿ.

ಇನ್ನು ಒಳಗೆ ಏನಾಗುತ್ತದೆ ನೋಡೋಣ. ಮೈಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಸಕ್ಕರೆ ಕರಗಿಸುವ ಇನ್ಸುಲಿನ್‌ಗೆ ಬಲ ಸಾಲುವುದಿಲ್ಲ. ಬಸಿರು ಅದನ್ನು ಇನ್ನಷ್ಟು ತಡೆಯುತ್ತದೆ. ತಾಯಿಯ ರಕ್ತದಲ್ಲಿ ಏರಿದ ಸಕ್ಕರೆ ಮಾಸಿನ ಮೂಲಕ ಕೂಸಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಕೂಸು ತಾನೇ ಹೆಚ್ಚು ಇನ್ಸುಲಿನ್ ಮಾಡಿಕೊಂಡು, ಬಂದ ಸಕ್ಕರೆಯನ್ನು ಕೊಬ್ಬಾಗಿಸಿ ದಪ್ಪ ಬೆಳೆಯುತ್ತದೆ. ಹೆರಿಗೆಯಲ್ಲಿ ತಲೆ ಬಂದರೂ ಭುಜ ಸಿಕ್ಕಿಕೊಳ್ಳಬಹುದು. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ಕೂಸಿನ ಇನ್ಸುಲಿನ್ ಮಾತ್ರ ಇನ್ನೂ ಜೋರಾಗಿಯೇ ಇರುತ್ತದೆ. ಹೀಗಾಗಿ "ಎಷ್ಟು ಗುಂಡಗಿದೆ!" ಎಂದು ನಾವು ಸಂತೋಷಪಡುವ ಕೂಸೇ ಕೆಲವು ತಾಸಿನಲ್ಲಿ ಸಕ್ಕರೆ ಕುಸಿದು ಮಂಕಾಗಬಹುದು, ನಡುಗಬಹುದು, ಫಿಟ್ಸ್ ಕೂಡ ಬರಬಹುದು. ಅದಕ್ಕೇ ಒಂದು ತಾಸಿನೊಳಗೆ ಎದೆಗೆ ಹಾಕಬೇಕು. ಜೇನುತುಪ್ಪ ನೆಕ್ಕಿಸುವುದು ಬೇಡ. ದಪ್ಪಗಿದ್ದ ತಾಯಿಗೆ ಹಾಲು ಇಳಿಯುವುದು ಸ್ವಲ್ಪ ತಡವಾಗುವುದುಂಟು. "ಇವಳಿಗೆ ಹಾಲಿಲ್ಲ" ಎಂದು ಡಬ್ಬಿ ಹಾಲಿಗೆ ಓಡದೆ ಮತ್ತೆ ಮತ್ತೆ ಚೀಪಿಸಿರಿ.

ಇದು ಆ ಎರಡು ದಿನದ ಮಾತಷ್ಟೇ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಎಂಟು ನೂರಕ್ಕೂ ಹೆಚ್ಚು ಬಸುರಿಯರ ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತಾ ಬಂದರು. ನೂರಕ್ಕೆ ಆರು ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಇತ್ತು. ಅವರ ಹೆಣ್ಣುಮಕ್ಕಳಿಗೆ ಒಂಬತ್ತೂವರೆ ವರ್ಷದ ಹೊತ್ತಿಗೇ ಮೈಯಲ್ಲಿ ಕೊಬ್ಬೂ ಹೆಚ್ಚು, ರಕ್ತದಲ್ಲಿ ಸಕ್ಕರೆಯೂ ಹೆಚ್ಚು ಕಂಡಿತು. ಆ ಹುಡುಗಿಯರೂ ನಾಳೆ ತಾಯಂದಿರೇ ತಾನೆ?

ತೂಕ ಹೆಚ್ಚಿದ್ದವರಿಗೆ ಬಿ.ಪಿ. ಏರುವ ಭಯವೂ ಹೆಚ್ಚು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಬಾವು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.

ಇವರಿಗೆ ಸಿಸೇರಿಯನ್ ಆಗುವ ಸಂಭವವೂ ಜಾಸ್ತಿ, ಗಾಯ ಮಾಯುವುದೂ ನಿಧಾನ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡ ಮೇಲೆ ಹೆಂಗಸರಲ್ಲಿ ಹೆದರಿಕೆ ಹುಟ್ಟಿದರೆ ಅದು ಸಹಜವೇ. ಅಲ್ಲಿ ಸಂಶಯ ಬಂದದ್ದು ನರಕ್ಕೆ ಏರಿಸಿದ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆ ಹೆದರಿಕೆಯಿಂದ ಮನೆಯಲ್ಲೇ ಹೆರಿಗೆ ಮಾಡಿಸಬೇಡಿ. ಭುಜ ಸಿಕ್ಕಿಕೊಂಡ ಕೂಸಿಗೆ ಇರುವುದು ಕೆಲವೇ ನಿಮಿಷ. ಏನು ಏರಿಸುತ್ತಿದ್ದೀರಿ, ಯಾಕೆ ಎಂದು ಕೇಳಿರಿ, ಕೇಳುವುದು ನಿಮ್ಮ ಹಕ್ಕು.

ಊಟದ ವಿಷಯ. "ಎರಡು ಜೀವಕ್ಕೆ ಉಣ್ಣು" ಎಂಬುದು ಅತ್ತೆಯರ ಪ್ರೀತಿಯ ಮಾತು, ಲೆಕ್ಕ ಮಾತ್ರ ತಪ್ಪು. ಬಸುರಿಗೆ ದಿನಕ್ಕೆ ಹೆಚ್ಚಿಗೆ ಬೇಕಾದದ್ದು 350 ಕ್ಯಾಲೊರಿ, ಅಂದರೆ ಹೆಚ್ಚುಕಡಿಮೆ ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಬೇಳೆ. ತೂಕ ಹೆಚ್ಚಿದ್ದವಳಿಗೆ ಅಷ್ಟೂ ಬೇಡವಾಗಬಹುದು. ಐದು ಅಡಿಯವಳು 70 ಕೆ.ಜಿ. ದಾಟಿದ್ದರೆ ಒಂಬತ್ತು ತಿಂಗಳಲ್ಲಿ 5ರಿಂದ 9 ಕೆ.ಜಿ. ಏರಿದರೆ ಸಾಕು. ಹಾಗಂತ ಬಸುರಿ ಉಪವಾಸ ಇರಬಾರದು, ತೂಕ ಇಳಿಸಲು ಹೋಗಬಾರದು. ಅನ್ನ ಕಡಿಮೆ ಮಾಡಿ ಸೊಪ್ಪು, ಕಾಳು, ಮೊಟ್ಟೆ ಹೆಚ್ಚಿಸಲಿ. ಅಂಗನವಾಡಿಯ ಮಾತೃಪೂರ್ಣ ಊಟ ಬಿಡದಿರಲಿ. ಡಾಕ್ಟರು ಬೇಡ ಎನ್ನದಿದ್ದರೆ ದಿನಾ ಅರ್ಧ ತಾಸು ನಡೆಯಲಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಿಂದ ಒಬ್ಬಳೇ ಹೋಗಲು ಹಿಂಜರಿಯುವವಳ ಜೊತೆ ಸಂಘದ ಒಬ್ಬರು ಹೋಗಬಹುದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿನ ನಂತರ ರಕ್ತ ನೋಡುತ್ತಾರೆ. 140 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆ. ಮೊದಲ ಸಲ ಸರಿ ಬಂದರೂ ಆರನೇ ತಿಂಗಳ ಹೊತ್ತಿಗೆ ಮತ್ತೆ ಮಾಡಿಸಬೇಕು.

ಬಾಣಂತನವನ್ನೂ ಸ್ವಲ್ಪ ನೋಡಿರಿ. ತುಪ್ಪ ಸುರಿದ ಅನ್ನ ಉಣಿಸಿ ತಿಂಗಳುಗಟ್ಟಲೆ ಮಲಗಿಸಿಟ್ಟರೆ ಏರಿದ ತೂಕ ಹಾಗೇ ಉಳಿದು, ಮುಂದಿನ ಬಸಿರು ಅಲ್ಲಿಂದಲೇ ಶುರುವಾಗುತ್ತದೆ. ಬಸಿರಿನಲ್ಲಿ ಸಕ್ಕರೆ ಇದ್ದವಳು ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು. ಕೂಸಿನ ಚುಚ್ಚುಮದ್ದೂ ಅದೇ ಹೊತ್ತಿಗೆ ಬರುವುದರಿಂದ ಒಂದೇ ಸಲ ಹೋಗಿ ಎರಡನ್ನೂ ಮುಗಿಸಿಕೊಂಡು ಬರಬಹುದು.