ಒಂದು ಗೆಸ್ಟ್ ಲೆಕ್ಚರ್‌ನ ಲೆಕ್ಕ

ತಲಾ 60 ಮಂದಿಯ ಎರಡು ಸೆಕ್ಷನ್, ಎರಡು ಗಂಟೆ ಕಾಲ. ಒಟ್ಟು 240 ವಿದ್ಯಾರ್ಥಿ-ಗಂಟೆ. ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿ ಅಸೋಸಿಯೇಷನ್ ಉದ್ಯೋಗ ಮಾರ್ಗದರ್ಶನಕ್ಕೆಂದು ಅತಿಥಿಯನ್ನು ಕರೆಸಿದರೆ ಆಗುವ ದೊಡ್ಡ ಖರ್ಚು ಇದೇ. ವಿಟಿಯುನಲ್ಲಿ 3 ಕ್ರೆಡಿಟ್‌ನ ಥಿಯರಿ ವಿಷಯಕ್ಕೆ 40 ಗಂಟೆ ಪಾಠ. ಆರು ವಿದ್ಯಾರ್ಥಿಗಳು ಒಂದಿಡೀ ಸೆಮಿಸ್ಟರ್ ಒಂದು ವಿಷಯ ಕೇಳುವಷ್ಟು ಹೊತ್ತು ಒಂದೇ ಮಧ್ಯಾಹ್ನ ಮುಗಿದಿರುತ್ತದೆ. ಅಸೋಸಿಯೇಷನ್ ಬರೆದಿಡುವ ಖರ್ಚಿನ ಪಟ್ಟಿಯಲ್ಲಿ ಮಾತ್ರ ಫ್ಲೆಕ್ಸ್, ಶಾಲು, ಹಾರ, ನೆನಪಿನ ಕಾಣಿಕೆ, ಅತಿಥಿಯ ಕಾರಿನ ಬಾಡಿಗೆ ಕಾಣುತ್ತವೆ. ಜತೆಗೆ ಮಂಡಕ್ಕಿ-ಮಿರ್ಚಿ, ಚಹಾ: ತಲೆಗೆ 30 ರೂಪಾಯಿ ಹಿಡಿದರೂ 3,600.

ಇನ್ನು ಆ 120 ನಿಮಿಷಗಳನ್ನೇ ಬಿಡಿಸಿ ನೋಡೋಣ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿ ಪರಿಚಯ, ಎಚ್‌ಒಡಿ ಮಾತು, ಪ್ರಾಂಶುಪಾಲರ ಮಾತು, ಸನ್ಮಾನ, ವಂದನಾರ್ಪಣೆ ಎಲ್ಲಕ್ಕೂ 45 ನಿಮಿಷ ಕೊಡಿ. ಕೈ ಬಿಗಿ ಹಿಡಿದೇ ಕೊಟ್ಟ ಲೆಕ್ಕ ಇದು. ಅತಿಥಿ ಒಂದು ಗಂಟೆ ಮಾತಾಡಿದರೆ ಪ್ರಶ್ನೋತ್ತರಕ್ಕೆ ಉಳಿಯುವುದು 15 ನಿಮಿಷ, ಒಬ್ಬರಿಗೆ ಏಳೂವರೆ ಸೆಕೆಂಡ್. ಹೆಸರು, ಸೆಮಿಸ್ಟರ್ ಹೇಳುವುದರೊಳಗೆ ಅದು ಮುಗಿಯುತ್ತದೆ.

ಆ 15 ನಿಮಿಷವೂ ಎಲ್ಲರ ಪಾಲಿಗಿಲ್ಲ, ಬಸ್ಸಿನಲ್ಲಿ ಊರಿಗೆ ಮರಳುವವರಿಗಂತೂ ಇಲ್ಲ. ಸಿರುಗುಪ್ಪ ಬಳ್ಳಾರಿಯಿಂದ ಸುಮಾರು 55 ಕಿ.ಮೀ., ಕುರುಗೋಡು ಅದರ ಅರ್ಧದಷ್ಟು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ, ಆದರೆ ದಾರಿಯ ಹೊತ್ತು ಎಲ್ಲರಿಗೂ ಒಂದೇ. ಮಧ್ಯಾಹ್ನ ಮೂರಕ್ಕೆಂದು ಅಚ್ಚಾದ ಕಾರ್ಯಕ್ರಮ ಮೂರೂವರೆಗೆ ಶುರುವಾದರೆ, ‘ಯಾರಿಗಾದರೂ ಡೌಟ್ಸ್ ಇದೆಯಾ’ ಎಂದು ಮೈಕ್ ಕೇಳುವಾಗ ಸಿರುಗುಪ್ಪದ ಹುಡುಗಿ ಬ್ಯಾಗು ತೊಡೆಯ ಮೇಲೆ ಎಳೆದುಕೊಂಡು ಬಸ್ಸಿನ ಹೊತ್ತು ನೋಡುತ್ತಿರುತ್ತಾಳೆ. ಇಂಥ ಸಭೆಯನ್ನು ಬೆಳಗಿನ 11ಕ್ಕೇ ಇಡಬೇಕು. ಅದಕ್ಕೆ ಒಂದು ಪೈಸೆಯೂ ಬೇಡ.

ಇನ್ನು ಅತಿಥಿ ಮಾತಾಡುವ ಆ ಒಂದು ಗಂಟೆಯಲ್ಲಿ ಏನು ಹೇಳಬೇಕು? ಬೆಂಗಳೂರಿನ ಪ್ಯಾಕೇಜಿನ ಕತೆ ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತದೆ. ಬಳ್ಳಾರಿಗೆ ಬಂದ ಅತಿಥಿ ಕೈಗೆ ಸಿಗುವ ಅಂಕಿ ಕೊಡಲಿ. ಅಪ್ರೆಂಟಿಸ್‌ಶಿಪ್ ನಿಯಮಗಳಿಗೆ 2019ರಲ್ಲಿ ಆದ ತಿದ್ದುಪಡಿ ಪ್ರಕಾರ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿಯಾಗಿತ್ತು, ವರ್ಷಕ್ಕೆ 1,08,000. ಆ ಕನಿಷ್ಠ ಮೊತ್ತದ ಅರ್ಧ ಕೇಂದ್ರ ಸರ್ಕಾರದ್ದು, ಆ ಲೆಕ್ಕಕ್ಕೆ ಮಾಲೀಕನ ಕೈಯಿಂದ ಹೋಗುವುದು 4,500. 30 ಮಂದಿ ಕೆಲಸಗಾರರಿದ್ದರೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಇದ್ದರೆ ಐಚ್ಛಿಕ. ಸಿರುಗುಪ್ಪದ ಅಕ್ಕಿ ಗಿರಣಿ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಈ ಐಚ್ಛಿಕದ ಅಳತೆಗೆ ಹೊಂದುವಂಥವೂ ಇವೆ. ಆ ಮಾಲೀಕರಲ್ಲಿ ಒಬ್ಬರನ್ನು ವೇದಿಕೆ ಮೇಲೆ ಕೂರಿಸಿದರೆ ಕಾರಿನ ಬಾಡಿಗೆಯೂ ಉಳಿದೀತು!

ಗೇಟ್ ಪರೀಕ್ಷೆಯ ಲೆಕ್ಕ ಬೇರೆ. 2026ರ ಪರೀಕ್ಷೆಗೆ ಒಂದು ಪತ್ರಿಕೆಯ ಶುಲ್ಕ 2,000 ರೂಪಾಯಿ. ಮಹಿಳೆಯರು, ಪರಿಶಿಷ್ಟರು, ಅಂಗವಿಕಲರಿಗೆ 1,000. ಅಂಕ ಮೂರು ವರ್ಷ ಊರ್ಜಿತ. ಎಂ.ಟೆಕ್‌ಗೆ ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ, 24 ತಿಂಗಳಿಗೆ 2,97,600. ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರದ ಯುವನಿಧಿ ತಿಂಗಳಿಗೆ 3,000ದಂತೆ ಗರಿಷ್ಠ ಎರಡು ವರ್ಷಕ್ಕೆ 72,000. ಓದು ಮುಂದುವರಿಸಿದವರಿಗೂ ಅಪ್ರೆಂಟಿಸ್ ಆದವರಿಗೂ ಅದಿಲ್ಲ. ಈ ಮೊತ್ತಗಳನ್ನು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದರೆ ಹತ್ತು ನಿಮಿಷದ ಕೆಲಸ.

ಸುತ್ತಲಿನ ಎಂಜಿನಿಯರಿಂಗನ್ನೂ ಅಂಕಿಯಲ್ಲೇ ಹೇಳಬಹುದು. ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರದ್ದು ಮೂರು ಘಟಕ, 500, 500, 700: ಒಟ್ಟು 1,700 ಮೆಗಾವಾಟ್. ನನ್ನನ್ನು ಕೇಳಿದರೆ ಅದಕ್ಕಿಂತ ಒಳ್ಳೆಯ ಪಾಠ ತುಂಗಭದ್ರಾ ಜಲಾಶಯದ್ದು. 2024ರ ಆಗಸ್ಟ್ 10ರ ರಾತ್ರಿ 33 ಗೇಟ್‌ಗಳ ಪೈಕಿ 19ನೆಯದರ ಚೈನ್ ಕಡಿದು ಗೇಟ್ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ತೆರವನ್ನು ಮುಚ್ಚುವ ಕೆಲಸಕ್ಕೆ ನಿಂತವರು ಗೇಟ್ ತಜ್ಞ ಕನ್ನಯ್ಯ ನಾಯ್ಡು, ನಿವೃತ್ತರು. ಗೇಟಿನ ಅಳತೆ 60 ಅಡಿ ಅಗಲ, 20 ಅಡಿ ಎತ್ತರ. ಇಳಿಸಿದ ಸ್ಟಾಪ್‌ಲಾಗ್ 4 ಅಡಿ ಎತ್ತರದ ತುಂಡು ಐದು, ಒಂದರ ಮೇಲೊಂದು. ಒಂದು ವಾರದಲ್ಲಿ ನೀರು ನಿಂತಿತು. ಸಿರುಗುಪ್ಪ, ಕುರುಗೋಡಿನ ಭತ್ತದ ಗದ್ದೆಗೆ ಕಾಲುವೆ ನೀರು ಬರುವುದು ಇದೇ ಅಣೆಕಟ್ಟಿನಿಂದ. ಮೆಕ್ಯಾನಿಕಲ್ ಹುಡುಗರಿಗೆ ನಿರ್ವಹಣೆ ಎಂಬ ಕೆಲಸದ ಬೆಲೆ ತಿಳಿಸಲು ಇನ್ನೊಂದು ಸ್ಲೈಡ್ ಬೇಕಿಲ್ಲ.

ಕೊನೆಗೆ ಒಂದು ಕಾಗದದ ಮಾತು. ಬಳ್ಳಾರಿ ಜಿಲ್ಲೆ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿದೆ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಎ, ಬಿಗೆ ಶೇ 75, ಸಿಗೆ ಶೇ 80, ಡಿಗೆ ಶೇ 85 ಇಲ್ಲಿನವರಿಗೆ ಮೀಸಲು; ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರ್ ಗ್ರೂಪ್ ಬಿ, ಕಿರಿಯ ಎಂಜಿನಿಯರ್ ಗ್ರೂಪ್ ಸಿ. ಈ ಮೀಸಲಾತಿಗೆ ಬೇಕಾದ, ಹುಡುಗರ ಬಾಯಲ್ಲಿ ‘ಎಚ್‌ಕೆ ಸರ್ಟಿಫಿಕೇಟ್’ ಎನ್ನಿಸಿಕೊಳ್ಳುವ ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅಧಿಸೂಚನೆ ಬಂದ ಮೇಲೆ ಓಡಾಡುವುದಕ್ಕಿಂತ ಆರನೇ ಸೆಮಿಸ್ಟರ್ ರಜೆಯಲ್ಲೇ ಮಾಡಿಸಿಟ್ಟುಕೊಳ್ಳುವುದು ಲೇಸು.